ಟೈಟಾನಿಯಮಿನ ಮೇಲ್ಮೈಗೆ ಲೇಸರ್ ಸಂಸ್ಕಾರ: ಒಂದು ವಿಮರ್ಶೆ

ಹೊಸದುರ್ಗ ತಾಲ್ಲೂಕಿನ ಮತ್ತೋಡು ಒಂದು ಕಾಲಕ್ಕೆ ಗಾಜಿನ ಬಳೆಗಳಿಗೆ ಹೆಸರಾಗಿದ್ದ ಊರು. ಫ್ರಾನ್ಸಿಸ್ ಬುಕನನ್ನನು 1807ರಲ್ಲಿ ಪ್ರಕಟಿಸಿದ ಪ್ರವಾಸಗ್ರಂಥದಲ್ಲಿ ಅಲ್ಲಿಯ ಗಾಜಿನ ಕೆಲಸದ ವಿಷಯ ಬಂದಿದೆ. ಅದೇ ಚಿತ್ರದುರ್ಗ ಜಿಲ್ಲೆಯ ಘಟ್ಟಿಹೊಸಹಳ್ಳಿಯಲ್ಲಿ ಹಿಂದೆ ಮೂಸೆಗಳಲ್ಲಿ ಉಕ್ಕನ್ನು ಮಾಡುತ್ತಿದ್ದರೆಂಬುದಕ್ಕೆ ಕುರುಹುಗಳು ದೊರೆತಿವೆ. ದ್ರವ್ಯ ಒಂದೇ ಆದರೂ ಅದನ್ನು ಕಾಯಿಸಿ ತಣಿಸುವ ಕ್ರಮದಿಂದ ಅದರ ಗುಣ ಬೇರೆಯಾಗುತ್ತದೆಂಬ ತತ್ತ್ವವನ್ನು ಈ ಎರಡು ಕಸಬುಗಳೂ ನೆನಪಿಗೆ ತರುತ್ತವೆ. ಲೇಸರ್ ಕಿರಣದಿಂದ ಟೈಟಾನಿಯಮಿನ ಮೇಲ್ಮೈಯನ್ನು ಸಂಸ್ಕರಿಸುವ ಇಂದಿನ ವಿಧಾನವನ್ನು ಈ ತತ್ತ್ವದ ಬೆಳಕಿನಲ್ಲಿಯೇ ಪರಿಶೀಲಿಸಬೇಕೆಂದು ನಮ್ಮ ಅಭಿಪ್ರಾಯ.

ಶುದ್ಧ ಟೈಟಾನಿಯಮಿನ ಪರಮಾಣುಗಳು 882 ಡಿಗ್ರಿ ಸೆಂಟಿಗ್ರೇಡಿನ ಕೆಳಗೆ ಷಟ್ಕೋನಾಕೃತಿಯ ಆಲ್ಫಾ ರಚನೆಯಲ್ಲಿಯೂ ಅದರ ಮೇಲೆ ಘನಾಕೃತಿಯ ಬೀಟಾ ರಚನೆಯಲ್ಲಿಯೂ ಇರುತ್ತವೆ. ಶೇಕಡ 6 ಅಲ್ಯುಮಿನಿಯಮ್, ಶೇಕಡ 4 ವೆನೇಡಿಯಮ್ ಸೇರಿದ ಪ್ರಸಿದ್ಧ ಮಿಶ್ರಲೋಹದಲ್ಲಿ ಈ ಮಾರ್ಪಾಡು ಸುಮಾರು 995 ಡಿಗ್ರಿಯಲ್ಲಿ ಪೂರ್ಣವಾಗುತ್ತದೆ. ಲೇಸರ್ ಕಿರಣವು ಮೇಲಿನ ತೆಳುಪದರವನ್ನು ಕ್ಷಣಾರ್ಧದಲ್ಲಿ ಕರಗಿಸುತ್ತದೆ. ಕಿರಣ ಮುಂದೆ ಸರಿದೊಡನೆ ಅಡಿಯ ತಣ್ಣನೆಯ ಲೋಹವು ಆ ಶಾಖವನ್ನು ಹೀರಿಕೊಳ್ಳುತ್ತದೆ. ಬೀಟಾ ರಚನೆಗೆ ಸಾವಕಾಶವಾಗಿ ಮಾರ್ಪಡಲು ವೇಳೆ ದೊರೆಯದೆ, ಸೂಜಿಗಳನ್ನು ಹೆಣೆದಂತೆ ಕಾಣುವ ಮಾರ್ಟೆನ್ಸೈಟ್ ಉಂಟಾಗುತ್ತದೆ. ಕರಗಿದ ಪದರದ ಮೇಲೆ ಸಾರಜನಕವನ್ನು ಹಾಯಿಸಿದರೆ ಹೊಂಬಣ್ಣದ ಟೈಟಾನಿಯಮ್ ನೈಟ್ರೈಡೂ ರೂಪುಗೊಳ್ಳುತ್ತದೆ.

ಈ ಸಂಸ್ಕಾರದ ಪ್ರಯೋಜನವನ್ನು ನಾವು ಅಲ್ಲಗಳೆಯುವುದಿಲ್ಲ. ಟೈಟಾನಿಯಮ್ ಹಗುರ, ದೃಢ, ತುಕ್ಕಿಗೆ ಜಗ್ಗದ ಲೋಹ. ಆದರೆ ಉಜ್ಜಾಟವನ್ನು ತಾಳಲಾರದು. ಶುದ್ಧ ಲೋಹದ ಕಾಠಿನ್ಯವು ವಿಕರ್ಸ್ ಮಾನದಲ್ಲಿ ಸಾಮಾನ್ಯವಾಗಿ 200ರ ಆಸುಪಾಸಿನಲ್ಲಿದ್ದರೆ, ನೈಟ್ರೈಡ್ ಪದರದ್ದು 1000ವನ್ನೂ ಮೀರಬಲ್ಲುದು. ನಮ್ಮ ಆಕ್ಷೇಪಣೆಯಿರುವುದು, ಈ ಒಂದು ಅಂಕಿಯನ್ನೇ ಸಿದ್ಧಿಯೆಂದು ಎತ್ತಿ ಹಿಡಿಯುವ ಪ್ರಬಂಧಗಳ ವಿಷಯದಲ್ಲಿ.

ಮೊದಲನೆಯದಾಗಿ, ಕಾಠಿನ್ಯಕ್ಕೆ ಕಾರಣವನ್ನು ಹೇಳುವಲ್ಲಿ ದೋಷವುಂಟು. ಉಕ್ಕಿನ ಮಾರ್ಟೆನ್ಸೈಟ್ ಬಹಳ ಗಡಸಾಗಿರುವುದು ಅದರಲ್ಲಿ ಸಿಲುಕಿದ ಇಂಗಾಲದಿಂದ. ಟೈಟಾನಿಯಮಿನ ಮಾರ್ಟೆನ್ಸೈಟಿನಿಂದ ದೊರೆಯುವ ಹೆಚ್ಚಳ ಅಲ್ಪ. ಕಾಠಿನ್ಯವು ಹಲವು ಪಟ್ಟು ಏರಿದೆಯೆಂದರೆ ಸಾರಜನಕವೋ ಆಮ್ಲಜನಕವೋ ಒಳಸೇರಿದೆಯೆಂದು ಶಂಕಿಸಬೇಕು. ನಾವು ಮೊದಲು ಹೇಳಿದ ಉಕ್ಕಿನ ಉದಾಹರಣೆಗೂ ಇಲ್ಲಿ ಮಿತಿಯುಂಟೆಂದು ಒಪ್ಪಿಕೊಳ್ಳುತ್ತೇವೆ.

ಎರಡನೆಯದಾಗಿ, ಬಿರುಕಿನ ಪ್ರಶ್ನೆ. ಕಾದ ಗಾಜನ್ನು ತಣ್ಣೀರಿಗೆ ಹಾಕಿದರೆ ಒಡೆಯುವುದೇಕೆ? ಹೊರಪದರ ಕುಗ್ಗಲು ಹವಣಿಸುತ್ತದೆ, ಒಳಭಾಗ ಅದಕ್ಕೆ ಎಡೆಗೊಡುವುದಿಲ್ಲ. ಲೇಸರಿನಿಂದ ಕರಗಿ ಹೆಪ್ಪುಗಟ್ಟುವ ಪದರದಲ್ಲಿಯೂ ಇಂತಹುದೇ ಎಳೆತ ಉಳಿಯುತ್ತದೆ. ಪೆಡಸಾದ ನೈಟ್ರೈಡ್ ಪದರ ಈ ಎಳೆತಕ್ಕೆ ಬಿರಿಯಬಹುದು. ಸೊಂಟದ ಕೃತಕ ಕೀಲು ಪ್ರತಿಯೊಂದು ಹೆಜ್ಜೆಗೂ ಭಾರವನ್ನು ಹೊರಬೇಕು. ಅಲ್ಲಿ ಮೇಲ್ಮೈಯ ಕೂದಲೆಳೆಯಷ್ಟು ಬಿರುಕೂ ಕ್ರಮೇಣ ಒಳಗಿಳಿದು ಲೋಹವನ್ನು ಮುರಿಯಬಲ್ಲುದು. ಉಜ್ಜಾಟಕ್ಕೆ ಒಳ್ಳೆಯದಾದದ್ದು ಮರುಕಳಿಸುವ ಭಾರಕ್ಕೆ ಕೆಟ್ಟದ್ದಾಗಬಹುದೆಂಬುದನ್ನು ಮರೆಯಲಾಗದು.

ಮೂರನೆಯದಾಗಿ, ಲೇಸರಿನ ಶಕ್ತಿ ಇಷ್ಟು ವಾಟ್ ಎಂದಷ್ಟೇ ಬರೆದರೆ ಏನನ್ನೂ ಹೇಳಿದಂತಾಗಲಿಲ್ಲ. ಕಿರಣದ ವ್ಯಾಸ, ಚಲನೆಯ ವೇಗ, ಅನಿಲದ ಮಿಶ್ರಣ ಇವನ್ನೂ ತಿಳಿಸದಿದ್ದರೆ ಇನ್ನೊಬ್ಬರು ಆ ಪ್ರಯೋಗವನ್ನು ಪುನಃ ಮಾಡಲಾರರು.

ಪರಿಹಾರಗಳಿಲ್ಲವೆಂದಲ್ಲ. ಸಾರಜನಕಕ್ಕೆ ಆರ್ಗಾನನ್ನು ಬೆರೆಸುವುದರಿಂದಲೂ ಲೋಹವನ್ನು ಮುಂಚೆಯೇ ಬೆಚ್ಚಗಾಗಿಸುವುದರಿಂದಲೂ ಬಿರುಕು ಕಡಮೆಯಾಗುತ್ತದೆ. ಲೇಸರಿನ ಆಘಾತದಿಂದ, ಕರಗಿಸದೆಯೇ, ಮೇಲ್ಮೈಯನ್ನು ಅದುಮಿ ಬಲಪಡಿಸುವ ವಿಧಾನವೂ ಇದೆ; ಅಲ್ಲಿ ಎಳೆತಕ್ಕೆ ಬದಲಾಗಿ ಒತ್ತಡ ಉಳಿದು, ಬಿರುಕಿಗೆ ತಡೆಯಾಗುತ್ತದೆ.

ಆದುದರಿಂದ ಇಂತಹ ಪ್ರಬಂಧವನ್ನು ಓದುವ ವಿದ್ಯಾರ್ಥಿಯು ನಾಲ್ಕನ್ನು ಕೇಳಬೇಕು: ಅಡ್ಡಕೊಯ್ತದ ಚಿತ್ರ, ಆಳಕ್ಕನುಸಾರವಾದ ಕಾಠಿನ್ಯ, ಉಳಿದ ಒತ್ತಡದ ಅಳತೆ, ಮರುಕಳಿಸುವ ಭಾರದ ಪರೀಕ್ಷೆ. ಲೇಸರ್ ಇಲ್ಲದ ಕಾಲೇಜಿನಲ್ಲಿಯೂ ಪಾಠದ ತಿರುಳನ್ನು ತೋರಿಸಬಹುದು. ಎರಡು ಉಕ್ಕಿನ ಸೂಜಿಗಳನ್ನು ಕೆಂಪಗೆ ಕಾಯಿಸಿ, ಒಂದನ್ನು ನೀರಿನಲ್ಲಿಯೂ ಇನ್ನೊಂದನ್ನು ಬಿಸಿಬೂದಿಯಲ್ಲಿಯೂ ತಣಿಸಿ, ಅಧ್ಯಾಪಕರೇ ಇಕ್ಕಳದಿಂದ ಬಗ್ಗಿಸಿ ತೋರಿಸಲಿ: ಗಡಸಾದದ್ದು ಮುರಿಯುತ್ತದೆ, ಮೆತ್ತಗಾದದ್ದು ಬಾಗುತ್ತದೆ. ಒಡೆದ ಬಳೆಗೆ ಬದಲು ಇನ್ನೊಂದನ್ನು ತೊಡಬಹುದು. ಮೈಯೊಳಗೆ ಮುರಿದ ಕೀಲನ್ನು ಅಷ್ಟು ಸುಲಭವಾಗಿ ಬದಲಿಸಲಾಗದು.