ಇಟ್ಟಿಗೆ ಹೊರುವ ಲಿಪಿಡ್
ಬ್ಯಾಕ್ಟೀರಿಯಾದ ಕೋಶಭಿತ್ತಿಯ ಇಟ್ಟಿಗೆಗಳು, ಅಂದರೆ ಎರಡು ಸಕ್ಕರೆ ಘಟಕಗಳಿಗೆ ಐದು ಅಮೈನೋ ಆಮ್ಲಗಳ ಕಿರುಸರಪಳಿ ಅಂಟಿದ ತುಣುಕುಗಳು, ತಯಾರಾಗುವುದು ಕೋಶದೊಳಗೆ, ಜೋಡಣೆಯಾಗುವುದು ಪೊರೆಯಾಚೆ. ಜಿಡ್ಡಿನ ಆ ಪೊರೆಯನ್ನು ನೀರಿಗೊಲಿಯುವ ಸಕ್ಕರೆ ತಾನಾಗಿ ದಾಟಲಾರದು. ಹೊರೆ ಹೊರುವುದು 55 ಇಂಗಾಲದ ಪರಮಾಣುಗಳ ಬ್ಯಾಕ್ಟೊಪ್ರೆನಾಲ್ ಎಂಬ ಕೊಬ್ಬಿನ ಬಾಲ. ಎರಡು ಫಾಸ್ಫೇಟುಗಳ ಕೊಂಡಿಯಿಂದ ಇಟ್ಟಿಗೆ ಅದಕ್ಕೆ ಸೇರಿದಾಗ ಆಗುವ ಅಣುವೇ ಲಿಪಿಡ್-2. ಅದು ಪೊರೆಯಲ್ಲೇ ಮಗುಚಿಕೊಂಡು ಹೊರಮುಖವಾಗಿ ಇಟ್ಟಿಗೆಯನ್ನು ಇಳಿಸಿದ ಮೇಲೆ, ಬರಿದಾದ ಬಾಲ ಒಂದು ಫಾಸ್ಫೇಟನ್ನು ಕಳಚಿ ಮುಂದಿನ ಹೊರೆಗೆ ಮರಳುತ್ತದೆ. ಈ ಮಿತವ್ಯಯ ಸೊಗಸಾದುದು, ಅಪಾಯಕರವೂ ಹೌದು: ಈ ಅಣುವನ್ನು ತಡೆದರೆ ಭಿತ್ತಿಯ ಕೆಲಸವೇ ನಿಲ್ಲುತ್ತದೆ. ವ್ಯಾಂಕೊಮೈಸಿನ್ ಎಂಬ ಪ್ರತಿಜೀವಕ ಕಿರುಸರಪಳಿಯ ತುದಿಯ ಎರಡು ಅಲನಿನ್‌ಗಳನ್ನು ಹಿಡಿದರೆ, ಕೆಲವು ಬ್ಯಾಕ್ಟೀರಿಯಾಗಳು ಕೊನೆಯ ಅಲನಿನ್ ಬದಲಿಗೆ ಲ್ಯಾಕ್ಟೇಟ್ ಇಟ್ಟು ನುಣುಚಿಕೊಳ್ಳುತ್ತವೆ. ಆದರೆ ಹಾಲಿನಲ್ಲಿ ಬೆಳೆಯುವ ಬ್ಯಾಕ್ಟೀರಿಯಾವೊಂದು ಸ್ರವಿಸುವ ನೈಸಿನ್ ಲಿಪಿಡ್-2ರ ಕೊಂಡಿಯ ಫಾಸ್ಫೇಟುಗಳನ್ನೇ ಪಂಜರದಂತೆ ಸುತ್ತುವರಿದು, ಅಲ್ಲಿಯೇ ಪೊರೆಗೆ ರಂಧ್ರ ಕೊರೆಯುತ್ತದೆ.