ನೂರು ನೀರಿನ ತುಪ್ಪ

ಧುಪದಾಳದ ಕಡೆ ಥಂಡಿ ಬಿತ್ತೆಂದರೆ ಕಬ್ಬಿನ ಕಟಾವಿನ ದಿನಗಳು. ರವದಿ ಗೀರಿದ ಮುಂಗೈ, ಒಡೆದ ಹಿಮ್ಮಡ, ಬೂದಿ ಬಳಿದಂತೆ ಬೆಳ್ಳಗಾದ ಮೊಣಕಾಲು. ಘಟಪ್ರಭೆಯ ಒಡ್ಡಿನ ಮೇಲಿನ ಗಾಳಿಗೆ ಮೈಯೆಲ್ಲ ಬಿರಿಯುತ್ತದೆ. ಇದಕ್ಕೆ ಮನೆಯಲ್ಲಿ ಕೊಬ್ಬರಿ ಎಣ್ಣೆ, ಕುಸುಬಿ ಎಣ್ಣೆ ಇದ್ದೇ ಇವೆ. ನನಗೆ ಎಲ್ಲಕ್ಕಿಂತ ಮೇಲು ಅನಿಸುವುದು ಆಯುರ್ವೇದದ ಶತಧೌತ ಘೃತ, ಅಂದರೆ 100 ಸಲ ತೊಳೆದ ಆಕಳ ತುಪ್ಪ.

ತಾಮ್ರದ ಪರಾತದಲ್ಲಿ ತುಪ್ಪ, ಮೇಲೆ ತಣ್ಣೀರು. ಅಂಗೈಯಿಂದ ಒಂದೇ ಸಮ ತಿಕ್ಕಬೇಕು, ನೀರು ಬಸಿಯಬೇಕು, ಮತ್ತೆ ಹೊಸ ನೀರು. ಬರಬರುತ್ತ ಹಳದಿ ತಿಳಿಯಾಗಿ, ಹರಳು ಮಾಯವಾಗಿ, ತುಪ್ಪ ಬೆಣ್ಣೆಗಿಂತ ಬೆಳ್ಳಗೆ, ನುಣ್ಣಗೆ ಉಬ್ಬುತ್ತದೆ. ನೀರಿನ ಸಣ್ಣ ಹನಿಗಳು ಜಿಡ್ಡಿನೊಳಗೆ ಸೇರಿಕೊಂಡಿರುತ್ತವೆ. ಅದಕ್ಕೇ ಹಚ್ಚಿದೊಡನೆ ಆ ತಂಪು. ಜಿಡ್ಡು ತೆಳುವಾಗಿ ಹರಡಿ ಚರ್ಮದ ಪಸೆ ಆರಲು ಬಿಡದು. ಸ್ನಾನವಾದ ಕೂಡಲೇ, ಮೈ ಇನ್ನೂ ಹಸಿಯಿರುವಾಗ ಹಚ್ಚುವುದು ಒಳ್ಳೆಯದು. ಕೀವು, ರಸಿಗೆ ಇದಲ್ಲ. ಅದಕ್ಕೆ ಡಾಕ್ಟರರೇ ಬೇಕು.

ಎಣಿಕೆ ತಪ್ಪದಿರಲು ಒಂದೊಂದು ನೀರಿಗೆ ಒಂದೊಂದು ಜೋಳದ ಕಾಳು ಬದಿಗಿಡುತ್ತೇನೆ. ನೂರನೆಯ ಕಾಳಿನ ಹೊತ್ತಿಗೆ ತಿಕ್ಕಿದ ಕೈಯೇ ಎಲ್ಲಕ್ಕಿಂತ ಮೊದಲು ಮೆತ್ತಗಾಗಿರುತ್ತದೆ.