ಕಂದುಬಣ್ಣದ ಪಾಠಾಂತರ: ಹಳೆಯ ಗಣಕಪರದೆಗಳ ವಿಚಾರ

ಗ್ರಂಥಸಂಪಾದನೆಯಲ್ಲಿ ಮೂಲಪಾಠ ಯಾವುದೆಂಬ ಪ್ರಶ್ನೆ ಹಳೆಯದು. ಅದನ್ನೇ ಗಣಕಯಂತ್ರದ ಚಿತ್ರವನ್ನು ಕುರಿತು ಕೇಳಿದರೆ ಹಲವರಿಗೆ ವಿಚಿತ್ರವೆನಿಸೀತು. ಚಿತ್ರವೆಲ್ಲ ಅಂಕಿಗಳಲ್ಲಿ ಅಡಕವಾಗಿರುವಾಗ ಪಾಠಾಂತರಕ್ಕೆ ಎಡೆಯೆಲ್ಲಿ? ಎಡೆಯುಂಟೆಂದೇ ನಮ್ಮ ಮತ. 1980ರ ದಶಕದ ವರ್ಣಪರದೆಗಳು ಅದಕ್ಕೆ ಸಾಕ್ಷಿಯಾಗಿವೆ.

1981ರಲ್ಲಿ ಐಬಿಎಂ ಸಂಸ್ಥೆಯು ತನ್ನ ಪರ್ಸನಲ್ ಕಂಪ್ಯೂಟರಿಗೆಂದು ಒದಗಿಸಿದ ಸಿಜಿಎ ಎಂಬ ಫಲಕವು ಮಾನಿಟರಿಗೆ ನಾಲ್ಕು ವರ್ಣಸಂಕೇತಗಳನ್ನು ಕಳುಹಿಸುತ್ತಿತ್ತು: ಕೆಂಪು, ಹಸುರು, ನೀಲಿ, ಮತ್ತು ಕಾಂತಿಯ ಹೆಚ್ಚಳ. ಒಂದೊಂದು ಸಂಕೇತವೂ ಇರಬೇಕು ಅಥವಾ ಇಲ್ಲದಿರಬೇಕು, ನಡುವಣ ಸ್ಥಿತಿಯಿಲ್ಲ. ಆದುದರಿಂದ ಬಣ್ಣಗಳು 16. ಇವುಗಳಲ್ಲಿ 6ನೆಯ ಸಂಖ್ಯೆಯದು ಕೆಂಪೂ ಹಸುರೂ ಸಮವಾಗಿ ಬೆರೆತು, ಕಾಂತಿ ಸೇರದೆ ಹುಟ್ಟುವ ಮಂಕು ಹಳದಿ. ಲೆಕ್ಕಕ್ಕೆ ಸರಿ, ಕಣ್ಣಿಗೆ ಹಿತವಲ್ಲ. 1983ರಲ್ಲಿ ಬಂದ ಐಬಿಎಂ 5153 ಮಾನಿಟರಿನೊಳಗಿನ ವಿದ್ಯುನ್ಮಂಡಲವು ಈ ಒಂದು ಜೋಡಣೆಯನ್ನು ಮಾತ್ರ ಗುರುತಿಸಿ ಹಸುರನ್ನು ಸುಮಾರು ಅರ್ಧಕ್ಕೆ ಇಳಿಸುತ್ತಿತ್ತು. ಹಳದಿ ಕಂದಾಯಿತು, ಮರಕ್ಕೂ ಮಣ್ಣಿಗೂ ಒಂದು ಬಣ್ಣ ದೊರೆಯಿತು. ಈ ಏರ್ಪಾಡಿಲ್ಲದ ಮಾನಿಟರುಗಳಲ್ಲಿ ಅದೇ ಅಂಕಿಯು ಹಳದಿಯಾಗಿಯೇ ಉಳಿಯಿತು. ಮುಂದೆ 1987ರ ವಿಜಿಎ ಪದ್ಧತಿಯ 16 ಬಣ್ಣಗಳಲ್ಲಿ ಕಂದೇ ಅಧಿಕೃತವಾಯಿತು. ಲಿಪಿಕಾರನ ತಿದ್ದುಪಡಿಯೇ ಮೂಲಪಾಠದ ಪೀಠವನ್ನೇರಿದಂತಾಯಿತಲ್ಲವೆ!

ಇದಕ್ಕಿಂತ ಸ್ವಾರಸ್ಯವಾದುದು ದೂರದರ್ಶನಕ್ಕೆ ಜೋಡಿಸಿದಾಗಿನ ಸ್ಥಿತಿ. ಸಿಜಿಎಯ 640 ಬಿಂದುಗಳ ಸಾಲಿನಲ್ಲಿ, ಅಮೆರಿಕದ ಎನ್‌ಟಿಎಸ್‌ಸಿ ವರ್ಣತರಂಗದ ಒಂದೊಂದು ಆವರ್ತಕ್ಕೆ ಸರಿಯಾಗಿ ನಾಲ್ಕು ಬಿಂದುಗಳು ಬೀಳುತ್ತವೆ. ಇಷ್ಟು ಸೂಕ್ಷ್ಮವಾದ ಕಪ್ಪುಬಿಳುಪಿನ ಗೆರೆಗಳನ್ನು ಗ್ರಾಹಕಯಂತ್ರವು ಗೆರೆಗಳೆಂದು ತಿಳಿಯದೆ ಬಣ್ಣವೆಂದು ಗ್ರಹಿಸುತ್ತದೆ. ಇದು ದೋಷವೆ? ಸಿಯೆರಾ ಸಂಸ್ಥೆಯ 1984ರ ‘ಕಿಂಗ್ಸ್ ಕ್ವೆಸ್ಟ್’ ಈ ಭ್ರಾಂತಿಯನ್ನೇ ಸಾಧನವಾಗಿ ಬಳಸಿಕೊಂಡಿತು. ಹೀಗೆ ರಚಿತವಾದ ಚಿತ್ರದ ಅಂಕಿಗಳನ್ನಷ್ಟೇ ಇಂದಿನ ಚಪ್ಪಟೆ ಪರದೆಯ ಮೇಲೆ ಇಟ್ಟರೆ ಉಳಿಯುವುದು ಕಪ್ಪುಬಿಳುಪಿನ ಪಟ್ಟೆಗಳು ಮಾತ್ರ. ಅದನ್ನು ‘ಶುದ್ಧ ಮೂಲ’ವೆಂದು ಕರೆಯುವವರೊಡನೆ ನಾವು ಸಮ್ಮತಿಸಲಾರೆವು.

ಆದರೆ ಇದಕ್ಕೆ ಎದುರಾದ ಇನ್ನೊಂದು ಅತಿಯೂ ಈಚೆಗೆ ಕಾಣಬರುತ್ತಿದೆ. ಹಳೆಯ ಚಿತ್ರವೆಂದೊಡನೆ ಅಡ್ಡಗೆರೆ, ಮಸುಕು, ಅಂಚಿನ ಬಾಗು ಎಲ್ಲವನ್ನೂ ಅದರ ಮೇಲೆ ಬಳಿಯುವ ಅಭ್ಯಾಸವಿದು. 1968ರಲ್ಲಿ ಸೋನಿ ಸಂಸ್ಥೆಯು ಹೊರತಂದ ಟ್ರಿನಿಟ್ರಾನ್ ಕೊಳವೆಯಲ್ಲಿ ಲಂಬವಾದ ತಂತಿಗಳ ಜಾಲರಿ ಅದುರದಂತೆ ಹಿಡಿಯಲು ಒಂದೆರಡು ತೆಳು ತಂತಿಗಳನ್ನು ಅಡ್ಡಲಾಗಿ ಹಾಯಿಸಿದ್ದರು. ಬಿಳಿಯ ಹಿನ್ನೆಲೆಯಲ್ಲಿ ಅವುಗಳ ನೆರಳು ಕಾಣುತ್ತಿತ್ತು. ಆ ನೆರಳನ್ನು ನೆಚ್ಚಿ ಯಾರೂ ಚಿತ್ರ ಬರೆದಂತಿಲ್ಲ. ಅದು ಓಲೆಗರಿಯ ಹುಳುತೂತಿಗೆ ಸಮಾನ, ಅಚ್ಚಿಸುವಾಗ ಬಿಡಬಹುದು. ಕಂದುಬಣ್ಣವನ್ನು ಹಾಗೆ ಬಿಡಲಾಗದು, ಅದನ್ನು ನೋಡಿಯೇ ಕಲಾವಿದನು ಮರದ ಬೊಡ್ಡೆಗೆ ಆ ಅಂಕಿಯನ್ನು ಆರಿಸಿರಬಹುದು. ಆತನ ಮೇಜಿನ ಮೇಲಿದ್ದುದು ಯಾವ ಮಾನಿಟರೆಂಬುದು ಇಲ್ಲಿ ನಿರ್ಣಾಯಕವಾಗುತ್ತದೆ.

ಆದಕಾರಣ ಇಂತಹ ಚಿತ್ರಗಳನ್ನು ಸಂಗ್ರಹಿಸುವವರೂ ಅಚ್ಚುಹಾಕುವವರೂ ಫಲಕ ಯಾವುದು, ಜೋಡಣೆ ಯಾವ ಬಗೆಯದು, ಮಾನಿಟರು ಯಾವುದು ಎಂಬ ಮೂರನ್ನೂ ಚಿತ್ರದ ಕೆಳಗೆ ನಮೂದಿಸುವುದು ಅಗತ್ಯ. ಎರಡು ಪಾಠಗಳು ದೊರೆತಲ್ಲಿ ಎರಡನ್ನೂ ಪಕ್ಕಪಕ್ಕದಲ್ಲಿ ಕೊಡಬೇಕು.